ಶೇಷ ಸೊನ್ನೆ ಬಂದರೆ

ನಾಲ್ಕರ ವರ್ಗದಿಂದ ಎರಡು ಕಳೆದರೆ 14. ಹದಿನಾಲ್ಕರ ವರ್ಗದಿಂದ ಎರಡು ಕಳೆದರೆ 194. ಅದನ್ನು 31ರಿಂದ ಭಾಗಿಸಿದರೆ ಉಳಿಯುವುದು 8. ಎಂಟರ ವರ್ಗದಿಂದ ಎರಡು ಕಳೆದರೆ 62, ಶೇಷ ಸೊನ್ನೆ. ಅಲ್ಲಿಗೆ 31 ಅವಿಭಾಜ್ಯ ಎಂದು ತೀರ್ಮಾನ. ಐದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಸಿಗುವ ಸಂಖ್ಯೆ ಇದು; ಆದ್ದರಿಂದ ಮೂರೇ ಹೆಜ್ಜೆ ಸಾಕಾಯಿತು. ಐದರ ಜಾಗದಲ್ಲಿ 13,62,79,841 ಇಟ್ಟರೆ ಇದೇ ಲೆಕ್ಕ ಹದಿಮೂರು ಕೋಟಿ ಹೆಜ್ಜೆ ಮೀರುತ್ತದೆ. 2024ರ ಅಕ್ಟೋಬರ್‌ನಲ್ಲಿ ಅದೂ ಸೊನ್ನೆಗೇ ಬಂದು ನಿಂತಿತು. ಸಿಕ್ಕಿದ್ದು 4,10,24,320 ಅಂಕಿಗಳ ಅವಿಭಾಜ್ಯ, ಅದುವರೆಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡದು.

ಇದರ ಹಿಂದಿರುವುದು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಜಿಂಪ್ಸ್ ಎಂಬ ಸ್ವಯಂಸೇವಕರ ಕೂಟ. ಉಚಿತ ತಂತ್ರಾಂಶ ಹಾಕಿಕೊಂಡು ಯಾರು ಬೇಕಾದರೂ ಸೇರಬಹುದು. ಲೆಕ್ಕವನ್ನು ಆಗಾಗ ಡಿಸ್ಕಿಗೆ ಬರೆದಿಡುವುದರಿಂದ, ಮಲೆನಾಡಿನ ಕೊಪ್ಪ, ನರಸಿಂಹರಾಜಪುರಗಳ ಆಷಾಢದ ಮಳೆಗೆ ಕರೆಂಟು ಹೋದರೂ ಬಂದ ಮೇಲೆ ಕೊನೆಯ ಸಲ ಬರೆದಿಟ್ಟಲ್ಲಿಂದ ಮುಂದುವರಿಸಬಹುದು.

ಈ ಕೆಲಸದಲ್ಲಿ ಮನಸಾರೆ ಮೆಚ್ಚಬೇಕಾದ್ದು ತಾಳೆ ನೋಡುವ ಶಿಸ್ತು. ಸಂಖ್ಯೆ ಅವಿಭಾಜ್ಯವಿರಬಹುದೆಂದು ಅಕ್ಟೋಬರ್ 11ರಂದು ಡಬ್ಲಿನ್‌ನ ಯಂತ್ರವೊಂದು ಸೂಚಿಸಿತು; ಮರುದಿನ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಯಂತ್ರ ಖಚಿತಪಡಿಸಿತು. ಅಷ್ಟಕ್ಕೇ ಬಿಡದೆ, ಬೇರೆ ಬೇರೆ ತಂತ್ರಾಂಶ ಮತ್ತು ಯಂತ್ರಗಳಲ್ಲಿ ಮತ್ತೆ ಲೆಕ್ಕ ಹಾಕಿದ ಮೇಲೆಯೇ ಪ್ರಕಟಣೆ ಹೊರಟಿತು.

ತಾಳೆ ನೋಡುವ ಮಾತು ಬಂದಾಗ, ಇದೇ ಮಲೆನಾಡಿನ ಶೃಂಗೇರಿಗೂ ಲೆಕ್ಕದ ಒಂದು ಕಥೆಯಿದೆ. ಮುಂದೆ ಪುರಿಯ ಶಂಕರಾಚಾರ್ಯರಾದ ಭಾರತೀಕೃಷ್ಣ ತೀರ್ಥರು ಇಲ್ಲಿನ ಕಾಡಿನಲ್ಲಿ ವರ್ಷಗಟ್ಟಲೆ ತಪಸ್ಸು ಮಾಡಿ ಹದಿನಾರು ಗಣಿತಸೂತ್ರಗಳನ್ನು ಕಂಡುಕೊಂಡರೆಂದು ಹೇಳುತ್ತಾರೆ. ಅವರ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ 1965ರಲ್ಲಿ, ಅವರ ನಿಧನದ ನಂತರ ಅಚ್ಚಾಯಿತು. ಒಂದನ್ನು 19 ಎಂಬ ಅವಿಭಾಜ್ಯದಿಂದ ಭಾಗಿಸಲು ಅದರಲ್ಲಿರುವ ಉಪಾಯ ನಿಜಕ್ಕೂ ಸೊಗಸು. ಬಲತುದಿಯಲ್ಲಿ 1 ಇಟ್ಟು, ಎಡಕ್ಕೆ ದುಪ್ಪಟ್ಟು ಮಾಡುತ್ತ, ಕೈಯಲ್ಲಿದ್ದ ದಶಕ ಕೂಡಿಸುತ್ತ ಹೋದರೆ 1, 2, 4, 8, 6, 3 ಎಂದು ಹದಿನೆಂಟು ಅಂಕಿಗಳೂ ಒಂದರ ಹಿಂದೊಂದು ಸಿಗುತ್ತವೆ. ಶಾಲೆಯ ಮಕ್ಕಳೂ ಭಾಗಿಸಿ ನೋಡಿ ಒಪ್ಪಬಹುದು.

ಆದರೆ ಸೂತ್ರಗಳು ಅಥರ್ವವೇದದ ಪರಿಶಿಷ್ಟದವು ಎಂಬ ತೀರ್ಥರ ಮಾತನ್ನು ಹಾಗೆ ಪರೀಕ್ಷಿಸಲು ದಾರಿಯಿಲ್ಲ. ಗೊತ್ತಿರುವ ಪರಿಶಿಷ್ಟಗಳಲ್ಲಿ ಅವು ಸಿಗುವುದಿಲ್ಲ ಎಂದು ಗ್ರಂಥದ ಸಂಪಾದಕ ವಿ. ಎಸ್. ಅಗ್ರವಾಲರೇ ಬರೆದರು, ಗಣಿತಜ್ಞ ಎಸ್. ಜಿ. ದಾನಿ ಈ ಪ್ರತಿಪಾದನೆಯನ್ನು ವಿವರವಾಗಿ ಪ್ರಶ್ನಿಸಿದರು. ತೀರ್ಥರು ಬರೆದರೆನ್ನಲಾದ ಹದಿನಾರು ಸಂಪುಟಗಳು ಕಳೆದುಹೋದವಂತೆ. ತಾಳೆ ನೋಡಲಾಗದ ಇಂಥ ಮಾತುಗಳಿಂದ ಅವರ ಪ್ರತಿಭೆಗೆ ನಷ್ಟವೇ ಆಗಿದೆ.

ಜಿಂಪ್ಸ್‌ನಲ್ಲೂ ಕೊರತೆಗಳಿವೆ. 2015ರ ಸೆಪ್ಟೆಂಬರಿನಲ್ಲಿ ಸಿಕ್ಕ ಅವಿಭಾಜ್ಯವೊಂದರ ವರದಿ ಯಾರ ಕಣ್ಣಿಗೂ ಬೀಳದೆ 2016ರ ಜನವರಿಯವರೆಗೆ ಸರ್ವರ್‌ನಲ್ಲೇ ಉಳಿದಿತ್ತು. ಹಣದ ಪ್ರಶ್ನೆ ಇದಕ್ಕಿಂತ ದೊಡ್ಡದು. 2017ರಲ್ಲಿ ಇಂಥ ಒಂದು ಅವಿಭಾಜ್ಯವನ್ನು ಕಂಡುಹಿಡಿದ ಜೊನಾಥನ್ ಪೇಸ್ ಹದಿನಾಲ್ಕು ವರ್ಷ ಹುಡುಕಿದವರು. 2024ರ ಸಂಖ್ಯೆಯನ್ನು ಕಂಡ ಲ್ಯೂಕ್ ಡುರಾಂಟ್ ಹಣ ತೆತ್ತು 17 ದೇಶಗಳ ಬಾಡಿಗೆ ಗ್ರಾಫಿಕ್ಸ್ ಯಂತ್ರಗಳನ್ನು ದುಡಿಸಿಕೊಂಡರು. ಹೆಸರು ಬರುವುದು ಹೆಚ್ಚಾಗಿ ಕಂಡವರಿಗೆ. ಸಂಖ್ಯೆಯ ಮೇಲೆ ಸಂಖ್ಯೆಯನ್ನು ಪರೀಕ್ಷಿಸಿ ‘ಇದಲ್ಲ’ ಎಂದು ಬದಿಗಿಟ್ಟ ಸಾವಿರಾರು ಜನರ ದುಡಿಮೆಗೆ ಅಷ್ಟು ಮನ್ನಣೆಯಿಲ್ಲ. ಇದು ಅನ್ಯಾಯ.

ಆ ದುಡಿಮೆ ಇನ್ನೂ ಮುಗಿದಿಲ್ಲ. ಎರಡುಗಳನ್ನು ಗುಣಿಸಿ ಒಂದು ಕಳೆದಾಗ ಸಿಗುವ ಅವಿಭಾಜ್ಯಕ್ಕೆ ಮೆರ್ಸೆನ್ ಅವಿಭಾಜ್ಯ ಎಂದು ಹೆಸರು; ಡುರಾಂಟ್ ಕಂಡದ್ದು ಅವುಗಳಲ್ಲಿ 52ನೆಯದು ಎಂಬ ಕ್ರಮಾಂಕ ಸದ್ಯಕ್ಕೆ ತಾತ್ಕಾಲಿಕ. ಅದಕ್ಕಿಂತ ಚಿಕ್ಕದೊಂದು ನಡುವೆ ತಪ್ಪಿಸಿಕೊಂಡಿದೆಯೇ ಎಂದು ಎರಡನೇ ಸಲ ಪರೀಕ್ಷಿಸುವ ಕೆಲಸ ಬಾಕಿಯಿದೆ. ಅದಕ್ಕೆ ಮನೆಯ ಸಾಧಾರಣ ಕಂಪ್ಯೂಟರೂ ಕೈಜೋಡಿಸಬಹುದು.