ಸಮಾಂಗತೆಯ ಬೋಧನೆ: ಒಂದು ವಿಮರ್ಶೆ

ಒಂದೇ ಘಟಕಗಳು ಭಿನ್ನ ವಿನ್ಯಾಸಗಳಲ್ಲಿ ನೆಲೆಸುವುದೇ ಸಮಾಂಗತೆ. ಸಂಕೀರ್ಣ ಲವಣಗಳಲ್ಲಿನ ಈ ಗುಣವನ್ನು ಪಠ್ಯಗಳು ಸಾಮಾನ್ಯವಾಗಿ ಪ್ರಭೇದಗಳ ಪಟ್ಟಿಯಾಗಿ ನಿರೂಪಿಸುತ್ತವೆ. ಅದು ಮೊದಲಿಗೆ ಪ್ರಮಾಣವಿಚಾರದ ಪ್ರಶ್ನೆಯಾಗಿತ್ತೆಂಬುದು ಇದರಿಂದ ಮರೆಯಾಗುತ್ತದೆ.

ಕೋಬಾಲ್ಟ್ ಪರಮಾಣುವಿನ ಸುತ್ತ ನಾಲ್ಕು ಅಮೋನಿಯ, ಎರಡು ಕ್ಲೋರಿನ್ ಇರುವ ಲವಣವನ್ನು ಪರಿಶೀಲಿಸೋಣ. ಈ ಆರೂ ಸಮತಲ ಷಟ್ಕೋನದಲ್ಲಾಗಲಿ ತ್ರಿಕೋನ ಪಟ್ಟಕದಲ್ಲಾಗಲಿ ನೆಲೆಸಿದ್ದರೆ ಮೂರು ವಿನ್ಯಾಸಗಳು ಸಾಧ್ಯ, ಅಷ್ಟಮುಖಿಯಲ್ಲಾದರೆ ಎರಡೇ. 1893ರಲ್ಲಿ ಆಲ್‌ಫ್ರೆಡ್ ವರ್ನರ್ ಅಷ್ಟಮುಖಿಯನ್ನು ಪ್ರತಿಪಾದಿಸಿದಾಗ ಈ ಲವಣದ ಹಸಿರು ರೂಪವೊಂದೇ ತಿಳಿದಿತ್ತು. ನೇರಳೆ ರೂಪ 1907ರಲ್ಲಿ ಅವರ ಕೈಸೇರಿತು. ಆದರೆ ಮೂರನೆಯದು ದೊರೆಯಲಿಲ್ಲವೆಂಬ ಮಾತ್ರಕ್ಕೆ ಅದು ಇಲ್ಲವೆಂದು ಸಿದ್ಧವಾಗದು. ಅಷ್ಟಮುಖಿಯ ಕಲ್ಪನೆಯಿಂದ ನಿರೀಕ್ಷಿತವಾಗಿದ್ದ, ಪರಸ್ಪರ ಕನ್ನಡಿಬಿಂಬಗಳಂತಿರುವ ರೂಪಗಳನ್ನು 1911ರಲ್ಲಿ ಬೇರೊಂದು ಕೋಬಾಲ್ಟ್ ಲವಣದಲ್ಲಿ ಬೇರ್ಪಡಿಸಿದ ಮೇಲೆಯೇ ವಾದಕ್ಕೆ ದೃಢತೆ ಬಂದಿತು.

ಬಳಗಾನೂರಿನ ವಿದ್ಯಾರ್ಥಿಗೆ ಇಂಥ ನಿದರ್ಶನ ಇತಿಹಾಸದಲ್ಲಿಯೂ ದೂರವಿಲ್ಲ. ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕನೆಂದು ವಿದ್ವಾಂಸರು ಮೊದಲೇ ತರ್ಕಿಸಿದ್ದರು, 1915ರಲ್ಲಿ ಬೆಳಕಿಗೆ ಬಂದ ನೆರೆಯ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ದೊರೆಯಿತು. ಊಹೆಗೂ ಪ್ರಮಾಣಕ್ಕೂ ಇರುವ ಅಂತರವನ್ನು ತೋರಿಸದ ಪಠ್ಯವು ಯಾವ ಶಾಸ್ತ್ರದ್ದಾದರೂ ಅಪೂರ್ಣವೆಂದೇ ನಾವು ಭಾವಿಸುತ್ತೇವೆ.