ಅಮ್ಮ ಇಳಿದರೆ ಮಾತ್ರ ದಾಟುವ ಕಾರು

2018ರ ಸ್ವಿಫ್ಟ್ ನನ್ನದು. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಟೈರಿನ ಮೇಲಿನ ಸಂದು ಕಾಣಬಾರದು ಅನ್ನೋ ಚಪಲಕ್ಕೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿ 40 ಇಳಿಸಿದೆ. ಉಳಿದದ್ದು 123. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ. ಸಾಕಲ್ಲ?

ತುಮಕೂರು ರಸ್ತೆಯಲ್ಲಿ ಸಾಕಾಯ್ತು. ನೆಲಮಂಗಲ ದಾಟಿ ನಮ್ಮೂರ ಕಡೆ ತಿರುಗಿದರೆ ಹಂಪ್‌ಗಳು ಯಾವ ಪುಸ್ತಕವನ್ನೂ ಓದಿದವಲ್ಲ. ಅಗಲ ಮೊಳದಷ್ಟು, ಎತ್ತರ ಊರವರ ಸಿಟ್ಟಿನಷ್ಟು. ಮುಂದಿನ ಚಕ್ರ ಇಳಿಯುತ್ತಲೇ ಕಾರಿನ ಹೊಟ್ಟೆ ಕೂತುಬಿಡುತ್ತೆ. ಅದೂ ನಾನು ಅಳೆದದ್ದು ಖಾಲಿ ಕಾರನ್ನು! ನಾಲ್ಕು ಜನ, ಒಂದು ಮೂಟೆ ರಾಗಿ ಹತ್ತಿದರೆ ಸ್ಪ್ರಿಂಗ್ ಇನ್ನೂ ಕುಗ್ಗುತ್ತೆ.

ಮಂಡಿನೋವಿನ ಅಮ್ಮ ಪ್ರತಿ ಹಂಪಿಗೂ ಇಳಿದು, ಆಚೆ ನಡೆದು, ಮತ್ತೆ ಹತ್ತುತ್ತಿದ್ದಳು. ಮೂರನೇದಕ್ಕೆ, ‘ನಾನು ಬಸ್ಸಲ್ಲೇ ಬರ್ತೀನಿ ಬಿಡು ಮಗಾ’ ಅಂದಳು.

ಇಳಿಸೋದೇ ತಪ್ಪು ಅನ್ನಲ್ಲ. ತಿರುವಲ್ಲಿ ವಾಲಾಟ ಕಮ್ಮಿಯಾಗುತ್ತೆ, ನಿಜ. ಆದರೆ ಟೇಪು ಹಿಡಿಯೋದು ಮನೆಯವರೆಲ್ಲ ಕೂತ ಮೇಲೆ, ಆಯಿಲ್ ಸಂಪಿನ ಕೆಳಗೆ. ಹೋಲಿಸೋದು ನಿಮ್ಮ ದಾರಿಯ ಅತಿ ಕೆಟ್ಟ ಹಂಪಿಗೆ, ಫೋಟೋಗಲ್ಲ. ನನ್ನ ಲೆಕ್ಕಕ್ಕೆ 15 ಮಿ.ಮೀ. ಕೂಡ ದುಬಾರಿ ಅನ್ನಿಸ್ತು. ಹಳೇ ಸ್ಪ್ರಿಂಗೇ ವಾಪಸ್ ಹಾಕಿಸಿದ್ದೀನಿ. ಅಮ್ಮ ಮಾತ್ರ ಹಂಪ್ ಬಂದಾಗ ಈಗಲೂ ಬಾಗಿಲ ಹಿಡಿಗೆ ಕೈ ಹಾಕ್ತಾಳೆ.