ಸಿಮೆನಾನನ ಮೆಗ್ರೆ ಕಾದಂಬರಿಗಳು

ಪತ್ತೇದಾರಿ ಕಾದಂಬರಿಯೆಂದೊಡನೆ ಮೂಗು ಮುರಿಯುವ ಉಪಾಧ್ಯಾಯರೂ, ಪಠ್ಯಪುಸ್ತಕದ ಮರೆಯಲ್ಲಿ ಅದನ್ನೇ ಓದುವ ವಿದ್ಯಾರ್ಥಿಗಳೂ ಎಲ್ಲೆಡೆ ಉಂಟು. ಇವರಿಬ್ಬರ ವ್ಯಾಜ್ಯಕ್ಕೆ ಜಾರ್ಜ್ ಸಿಮೆನಾನನ ಮೆಗ್ರೆ ಮಾಲೆಯು ತಕ್ಕ ಒರೆಗಲ್ಲೆಂದು ನಾವು ಭಾವಿಸುತ್ತೇವೆ.

ಸಿಮೆನಾನನು 1903ರಲ್ಲಿ ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ಹುಟ್ಟಿದನು. 1919ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಊರಿನ ಪತ್ರಿಕೆಯ ವರದಿಗಾರನಾದನು. ಮುಂದೆ ಪ್ಯಾರಿಸ್ ಸೇರಿ ಹಲವು ಗುಪ್ತನಾಮಗಳಲ್ಲಿ ಅಗ್ಗದ ಕಾದಂಬರಿಗಳನ್ನು ರಾಶಿರಾಶಿಯಾಗಿ ಬರೆದನು. ಹೀಗೆ ಕೈ ಪಳಗಿದ ಮೇಲೆ, 1931ರಲ್ಲಿ ಸ್ವಂತ ಹೆಸರಿನಿಂದ ಮೆಗ್ರೆ ಕಾದಂಬರಿಗಳನ್ನು ಹೊರತಂದನು. 1934ರಲ್ಲಿ ನಾಯಕನನ್ನು ನಿವೃತ್ತಿಗೊಳಿಸಿ ಮಾಲೆಗೆ ಮಂಗಳ ಹಾಡಲೆಳಸಿದರೂ ಮತ್ತೆ ಅವನನ್ನೇ ಕರೆತಂದನು. 1972ರಲ್ಲಿ ಮಾಲೆ ಮುಗಿದಾಗ 75 ಕಾದಂಬರಿಗಳೂ 28 ಸಣ್ಣಕಥೆಗಳೂ ಆಗಿದ್ದವು.

ಷರ್ಲಾಕ್ ಹೋಮ್ಸನು ಬೂದಿಯನ್ನೂ ಕೆಸರಿನ ಗುರುತನ್ನೂ ಓದುತ್ತಾನೆ. ಮೆಗ್ರೆ ಮನುಷ್ಯರನ್ನು ಓದುತ್ತಾನೆ. ದಪ್ಪ ಮೈಯ, ಬಾಯಲ್ಲಿ ಪೈಪು ಕಚ್ಚಿದ ಈ ಪ್ಯಾರಿಸ್ ಪೊಲೀಸ್ ಅಧಿಕಾರಿಯು ಕೊಲೆ ನಡೆದ ಬೀದಿಯಲ್ಲಿಯೇ ಕುಳಿತು, ಅಲ್ಲಿನವರು ಉಂಡುದನ್ನು ಉಂಡು, ಅವರ ಬಾಳು ತನಗೆ ಪರಿಚಿತವಾಗುವವರೆಗೆ ಕಾಯುತ್ತಾನೆ. ‘ಕೊಂದವನಾರು?’ ಎಂಬುದಕ್ಕಿಂತ ‘ಕೊಲ್ಲುವಂತಾದುದೇಕೆ?’ ಎಂಬುದೇ ಅವನನ್ನು ಕಾಡುವ ಪ್ರಶ್ನೆ.

1931ರ ‘ಹಳದಿ ನಾಯಿ’ಯನ್ನು ನೋಡಬಹುದು. ಫ್ರಾನ್ಸಿನ ಕಡಲತಡಿಯ ಒಂದು ಪಟ್ಟಣದಲ್ಲಿ ಪ್ರತಿಷ್ಠಿತರ ಮೇಲೆ ಒಂದಾದ ಮೇಲೊಂದು ಹಲ್ಲೆ ನಡೆಯುತ್ತದೆ. ಎಲ್ಲಿಂದಲೋ ಬಂದ ಅಲೆಮಾರಿಯೂ ಅವನ ನಾಯಿಯೂ ಊರಿನ ಕಣ್ಣಿಗೆ ಅಪರಾಧಿಗಳು. ಯಾರನ್ನಾದರೂ ಬಂಧಿಸೆಂದು ಮೇಯರನ ಒತ್ತಾಯ. ಮೆಗ್ರೆ ಮಾತ್ರ ಹೋಟೆಲಿನ ಪರಿಚಾರಿಕೆ ಎಮ್ಮಾಳ ಮುಖದ ದುಗುಡವನ್ನು ಗಮನಿಸುತ್ತಾನೆ. ಆ ಅಲೆಮಾರಿಯನ್ನು ಹಿಂದೊಮ್ಮೆ ವಂಚಿಸಿ ಸೆರೆಮನೆಗೆ ತಳ್ಳಿದವರು ಅದೇ ಪ್ರತಿಷ್ಠಿತರೆಂಬುದು ಕೊನೆಗೆ ಬಯಲಾಗುತ್ತದೆ. ಇಷ್ಟನ್ನು ಮೊದಲೇ ತಿಳಿದು ಓದಿದರೂ ಕಥೆಯ ಸತ್ತ್ವ ಕುಂದದು.

ಮಾಲೆಯಲ್ಲಿ ದೋಷಗಳಿಲ್ಲವೆಂದಲ್ಲ. ಕೆಲವೇ ದಿನಗಳಲ್ಲಿ ಒಂದು ಕಾದಂಬರಿಯನ್ನು ಮುಗಿಸುತ್ತಿದ್ದ ಲೇಖಕನ ವೇಗಕ್ಕೆ ಬರವಣಿಗೆ ತೆರಿಗೆ ತೆತ್ತಿದೆ. ಸಾಕ್ಷ್ಯದ ಹೆಣಿಗೆ ಅನೇಕ ಕಡೆ ಸಡಿಲ. ಮಳೆ, ಮಂಜು, ತಪ್ಪೊಪ್ಪಿಗೆಗಳು ಮರುಕಳಿಸುತ್ತವೆ. ಮೆಗ್ರೆಯ ಮಡದಿಯ ಪಾತ್ರ ಅಡುಗೆಮನೆಯಾಚೆ ಬೆಳೆಯುವುದು ಅಪರೂಪ.

ಸಿಮೆನಾನನು ಮೆಗ್ರೆಯಿಲ್ಲದ ತನ್ನ ‘ಕಠಿಣ ಕಾದಂಬರಿ’ಗಳನ್ನೇ ಮೇಲೆಂದು ಎಣಿಸಿದ್ದನು. ಈ ಮಾತಿಗೆ ನಮ್ಮ ಸಮ್ಮತಿಯಿಲ್ಲ. ಅವು ಗಂಭೀರ ಕೃತಿಗಳು, ನಿಜ. ಆದರೆ ಅಲ್ಲಿ ಜಾರಿದವನು ಜಾರುತ್ತಲೇ ಹೋಗುತ್ತಾನೆ. ಮೆಗ್ರೆಯಿರುವಲ್ಲಿ ಅವನ ಮಾತನ್ನು ಕೇಳುವವನೊಬ್ಬನಿದ್ದಾನೆ. ತೀರ್ಪು ಕೊಡದೆ ಅರಿಯಬೇಕೆಂಬುದು ಸಿಮೆನಾನನ ಧ್ಯೇಯವಾಗಿತ್ತು. ಅದು ಪೂರ್ಣವಾಗಿ ಫಲಿಸಿರುವುದು ಅವನು ಹಗುರವೆಂದೆಣಿಸಿದ ಈ ಮಾಲೆಯಲ್ಲಿಯೇ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ವಿದ್ಯಾರ್ಥಿಯ ಕೈಯಿಂದ ಪತ್ತೇದಾರಿ ಪುಸ್ತಕವನ್ನು ಕಸಿದುಕೊಳ್ಳುವ ಮುನ್ನ, ‘ಕೊನೆಯ ಪುಟವನ್ನು ಈಗಲೇ ಹೇಳಿಬಿಟ್ಟರೂ ಇದನ್ನು ಓದುವೆಯಾ?’ ಎಂದು ಕೇಳಿರಿ. ಓದುವೆನೆಂದು ಅವನು ಹೇಳಿದರೆ, ಪುಸ್ತಕವನ್ನು ಅವನ ಕೈಯಲ್ಲೇ ಇರಗೊಡಿರಿ.